ಹಗಲು ಮಾತ್ರ ಹಡಗು ನಿಲ್ಲುವ ದ್ವೀಪದಲ್ಲಿ ಹವಳ ನೋಡುವುದು: ಲಕ್ಷದ್ವೀಪಕ್ಕೆ ಹೊರಟವರಿಗೆ

ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆಯಿಂದ ಹೊರಡುವ ‘ಎಂ.ವಿ. ಕವರತ್ತಿ’ ರಾತ್ರಿಯೆಲ್ಲ ಸಾಗಿ ಬೆಳಗಾಗುವ ಹೊತ್ತಿಗೆ ಲಕ್ಷದ್ವೀಪದ ಯಾವುದಾದರೊಂದು ದ್ವೀಪದ ಮುಂದೆ ನಿಂತಿರುತ್ತದೆ. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಪ್ರವಾಸದ ಕ್ರಮವೇ ಇದು: ಐದು ದಿನ, ನಾಲ್ಕು ರಾತ್ರಿ, ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳು, ಮಲಗುವುದು ಹಡಗಿನಲ್ಲಿ, ಹಗಲು ಕಳೆಯುವುದು ದ್ವೀಪದಲ್ಲಿ. ಬೆಳಗಿನ ತಿಂಡಿ ಮುಗಿಸಿ ಇಳಿದವರು ಸಂಜೆ ಕತ್ತಲಾಗುವ ಮೊದಲು ಹಡಗಿಗೆ ಮರಳಿರಬೇಕು. ದೋಣಿ ಹತ್ತಿ ಇಳಿಯುವುದು, ಊರು ಸುತ್ತುವುದು, ಊಟ, ವಿಶ್ರಾಂತಿ ಎಲ್ಲವನ್ನೂ ಕಳೆದರೆ ನೀರಿನಲ್ಲಿ ಮುಖವಿಟ್ಟು ಹವಳ ನೋಡಲು ಒಂದು ದ್ವೀಪದಲ್ಲಿ ಎರಡು ಗಂಟೆ ಸಿಕ್ಕರೆ ದೊಡ್ಡದು.

ಆ ಎರಡು ಗಂಟೆಯಲ್ಲಿ ಒಂದೂವರೆ ಗಂಟೆಯನ್ನು ಕಣ್ಣು, ಮೂಗು ಮುಚ್ಚುವ ಸೋರುವ ಗಾಜಿನ ಮಾಸ್ಕ್ ಸರಿಪಡಿಸುತ್ತ, ಉಪ್ಪುನೀರು ಉಗುಳುತ್ತ ದಡದಲ್ಲೇ ಕಳೆದವರನ್ನು ನಾನು ಪ್ರತಿ ಬಾರಿಯೂ ಕಂಡಿದ್ದೇನೆ. ಅವರಿಗೆ ಈಜು ಬಾರದೆಂದಲ್ಲ, ಧೈರ್ಯವಿಲ್ಲವೆಂದೂ ಅಲ್ಲ. ಮನೆಯಲ್ಲೇ ಮುಗಿಸಬಹುದಾಗಿದ್ದ ಸಿದ್ಧತೆಯನ್ನು ಅವರು ದ್ವೀಪಕ್ಕೆ ಬಂದ ಮೇಲೆ ಶುರುಮಾಡಿದ್ದರು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವನ್ನು ನೀರಿಗಿಳಿಯುವ ಮೊದಲಿನ ಕೆಲಸಗಳಿಗೇ ಮೀಸಲಿಟ್ಟಿದ್ದೇನೆ.

ಅನುಮತಿ ಮತ್ತು ಸಮಯ

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ದ್ವೀಪವಾಸಿಗಳಲ್ಲಿ ಬಹುತೇಕರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ನೆಲ, ನೀರು ಮತ್ತು ಬದುಕಿನ ಮೇಲೆ ಹೊರಗಿನವರ ಒತ್ತಡ ಬೀಳದಿರಲೆಂದು 1967ರಲ್ಲಿ ಮಾಡಿದ ನಿಯಮಗಳ ಪ್ರಕಾರ ಈ ಕಟ್ಟುಪಾಡು ಇದೆ. ಹಡಗಿನ ಪ್ರವಾಸಕ್ಕೆ ಹೆಸರು ಕೊಟ್ಟವರ ಪರವಾನಗಿಯನ್ನು ಪ್ರವಾಸ ನಡೆಸುವವರೇ ಮಾಡಿಸಿಕೊಡುತ್ತಾರೆ. ಆದರೆ ಗುರುತಿನ ಚೀಟಿ, ಭಾವಚಿತ್ರ, ಕೆಲವೊಮ್ಮೆ ನಿಮ್ಮ ಊರಿನ ಪೊಲೀಸರ ಪರಿಶೀಲನಾ ಪತ್ರ, ಇವುಗಳನ್ನು ನೀವೇ ಒದಗಿಸಬೇಕಾಗುತ್ತದೆ. ಕನಿಷ್ಠ ಎರಡು ತಿಂಗಳು ಮೊದಲೇ ಈ ಕೆಲಸಕ್ಕೆ ಕೈಹಾಕಿ. ಯಾವ ಯಾವ ಕಾಗದ ಬೇಕೆಂಬುದನ್ನು ಅರ್ಜಿ ಹಾಕುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಪ್ರವಾಸದ ಕಾಲ ಅಕ್ಟೋಬರಿನಿಂದ ಮೇ ನಡುವಿನವರೆಗೆ. ಮುಂಗಾರು ಕಾಲಿಟ್ಟ ಮೇಲೆ ಅರಬ್ಬಿ ಸಮುದ್ರ ಹೇಗಿರುತ್ತದೆಂಬುದನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ಜನವರಿಯಿಂದ ಮಾರ್ಚ್ ನಡುವಿನ ತಿಂಗಳುಗಳನ್ನು ಆರಿಸುತ್ತೇನೆ: ಕಡಲು ಶಾಂತ, ಬಿಸಿಲು ಸಹಿಸುವಷ್ಟು, ನೀರೂ ತಿಳಿ. ಏಪ್ರಿಲ್ ಹೊತ್ತಿಗೆ ನೀರು ಇನ್ನೂ ಶಾಂತವಾಗಿರುತ್ತದೆ, ಆದರೆ ಸೆಕೆ ವಿಪರೀತ.

ಕರ್ನಾಟಕದವರು ಮಂಗಳೂರಿನಿಂದಲೇ ಹೋಗಲಾಗದೇ ಎಂದು ಕೇಳುವುದು ಸಹಜ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಅಮಿನಿದಿವಿ ಗುಂಪು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶಕ್ಕೆ ಸೇರುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಹೊತ್ತ ಮಂಜಿಗಳೆಂಬ ಸರಕು ದೋಣಿಗಳು ಆ ದ್ವೀಪಗಳಿಗೆ ಹೋಗಿಬರುತ್ತವೆ. ನಂಟು ಇಷ್ಟು ಹಳೆಯದಾದರೂ ಪ್ರವಾಸಿಗಳ ಹಡಗು ಕ್ರಮವಾಗಿ ಹೊರಡುವುದು ಕೊಚ್ಚಿಯಿಂದಲೇ. ಮಂಗಳೂರಿನಿಂದ ಎರ್ನಾಕುಲಂಗೆ ರೈಲಿನಲ್ಲಿ ಹಿಂದಿನ ದಿನವೇ ತಲುಪಿ, ಒಂದು ರಾತ್ರಿ ಅಲ್ಲಿ ಉಳಿದು ಹಡಗು ಹತ್ತುವುದು ಕ್ಷೇಮ. ತಡವಾಗಿ ಬಂದ ರೈಲಿಗಾಗಿ ಹಡಗು ಕಾಯುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಮಾಸ್ಕ್ ಮತ್ತು ಉಸಿರಾಟದ ಕೊಳವೆ ದ್ವೀಪದಲ್ಲಿ ಬಾಡಿಗೆಗೆ ಸಿಗುತ್ತವೆ. ಹಾಗಿದ್ದರೂ ಮಾಸ್ಕನ್ನು ಸ್ವಂತಕ್ಕೆ ಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಮುಖ ಒಬ್ಬೊಬ್ಬರದು ಒಂದೊಂದು ಅಳತೆ. ಕೊಳ್ಳುವಾಗ ಹಿಂಬದಿಯ ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿಟ್ಟು, ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಅದು ಮುಖಕ್ಕೆ ಅಂಟಿಕೊಂಡೇ ನಿಂತರೆ ನಿಮ್ಮ ಅಳತೆಯದು. ಜಾರಿದರೆ ಎಷ್ಟೇ ಬೆಲೆಯದಾದರೂ ಬೇಡ. ಸೋರುತ್ತದೆಂದು ಪಟ್ಟಿಯನ್ನು ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ರಬ್ಬರಿನ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಒಂದೇ ಒಂದು ಕೂದಲೆಳೆ ಅಂಚಿನ ಕೆಳಗೆ ಸಿಕ್ಕಿಕೊಂಡರೂ ನೀರು ಬರುತ್ತದೆ. ಉದ್ದ ಕೂದಲಿನವರು ಜಡೆ ಹಾಕಿ, ಹಣೆಯ ಮೇಲಿನ ಕೂದಲನ್ನು ಬಟ್ಟೆಯ ಪಟ್ಟಿಯಿಂದ ಹಿಂದಕ್ಕೆ ಕಟ್ಟಿಕೊಳ್ಳಿ. ಮೀಸೆಯುಳ್ಳವರು ಮೂಗಿನ ಕೆಳಗಿನ ಮೀಸೆಯ ಮೇಲಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿಕೊಂಡರೆ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ಇದು ಗೊತ್ತಿರದೆ ಕವರತ್ತಿಯ ಇಡೀ ಬೆಳಗು ಕಳೆದುಕೊಂಡೆ. ಮರುದಿನ ಕಲ್ಪೇನಿಯಲ್ಲಿ ದೋಣಿಯ ಹುಡುಗನೊಬ್ಬ ತನ್ನ ಡಬ್ಬಿಯಿಂದ ಒಂದಿಷ್ಟು ತೆಗೆದು ಸವರಿದ ಮೇಲೆಯೇ ನನಗೆ ಕಣ್ತುಂಬ ಹವಳ ಕಂಡದ್ದು.

ಕನ್ನಡಕ ಹಾಕುವವರು ಅದನ್ನು ಮಾಸ್ಕಿನೊಳಗೆ ಹಾಕಿಕೊಳ್ಳಲಾಗದು, ಕಡ್ಡಿಗಳ ಪಕ್ಕದಿಂದ ನೀರು ನುಗ್ಗುತ್ತದೆ. ಪವರ್ ಗಾಜು ಕೂಡಿಸಿದ ಮಾಸ್ಕುಗಳು ಸಿಗುತ್ತವೆ. ದೂರದ್ದನ್ನು ನೋಡಲು ಹೆಚ್ಚು ಪವರ್ ಬೇಕಾದವರಿಗೆ ಆ ಖರ್ಚು ಖಂಡಿತ ಸಾರ್ಥಕ. ಹೊಸ ಮಾಸ್ಕಿನ ಒಳಗಾಜಿಗೆ ಕಾರ್ಖಾನೆಯ ಜಿಡ್ಡು ಅಂಟಿಕೊಂಡಿರುತ್ತದೆ. ಬಿಳಿ ಟೂತ್‌ಪೇಸ್ಟಿನಿಂದ ಬೆರಳಲ್ಲೇ ಎರಡು ಮೂರು ಸಲ ಉಜ್ಜಿ ತೊಳೆದರೆ ಮಂಜು ಕವಿಯುವುದು ಕಡಿಮೆಯಾಗುತ್ತದೆ. ನೀರಿಗಿಳಿಯುವ ಮುನ್ನ ಒಳಗಾಜಿಗೆ ಎಂಜಲು ಸವರಿ ಸಮುದ್ರದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು ಹಳೆಯ ಉಪಾಯ, ಇಂದಿಗೂ ಅದನ್ನು ಮೀರಿಸಿದ್ದು ಸಿಕ್ಕಿಲ್ಲ. ಇಡೀ ಮುಖ ಮುಚ್ಚುವ ಮಾಸ್ಕುಗಳನ್ನು ಹೊಸಬರಿಗೆ ನಾನು ಸೂಚಿಸುವುದಿಲ್ಲ. ಒಳಗೆ ನೀರು ನುಗ್ಗಿದಾಗ ಅವನ್ನು ಬೇಗ ಕಿತ್ತೆಸೆಯುವುದು ಕಷ್ಟ.

ಕೊಳವೆಯ ಬಗ್ಗೆ ಒಂದು ಮಾತು. ಅದು ಒಂದೂಕಾಲು ಅಡಿಯ ಆಸುಪಾಸಿನಲ್ಲಿರುವುದಕ್ಕೆ ಕಾರಣವಿದೆ. ಉದ್ದ ಹೆಚ್ಚಿದಷ್ಟೂ ನಾವು ಬಿಟ್ಟ ಉಸಿರೇ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಅಲ್ಲದೆ ಎದೆ ಒಂದು ಮೀಟರಿನಷ್ಟು ಆಳಕ್ಕೆ ಇಳಿದರೂ ನೀರಿನ ಒತ್ತಡದ ಎದುರು ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಪಕ್ಕೆಯ ಸ್ನಾಯುಗಳಿಗೆ ಶಕ್ತಿ ಸಾಲದು. ಹಾಗಾಗಿ ಸ್ನಾರ್ಕೆಲಿಂಗ್ ಎಂದರೆ ನೀರಿನ ಮೇಲ್ಮೈಯಲ್ಲಿ ಬೋರಲಾಗಿ ತೇಲುತ್ತ ಕೆಳಗೆ ನೋಡುವುದು; ಆಳಕ್ಕೆ ಇಳಿಯುವ ವಿದ್ಯೆಯೇ ಬೇರೆ. ಮೇಲ್ಮೈಯಲ್ಲಿದ್ದೂ ಉಸಿರು ದೀರ್ಘವಾಗಿ, ನಿಧಾನವಾಗಿ ಇರಬೇಕು, ಬಿಡುವಾಗ ಪೂರ್ತಿ ಬಿಡಬೇಕು. ಹೆದರಿದವರು ಸಣ್ಣ ಸಣ್ಣ ಉಸಿರೆಳೆಯುತ್ತಾರೆ. ಕೊಳವೆಯೊಳಗಿನ ಹಳಸಿದ ಗಾಳಿಯೇ ಹಿಂದೆ ಮುಂದೆ ಓಡಾಡಿ, ದಮ್ಮು ಕಟ್ಟಿದಂತಾಗಿ ಇನ್ನಷ್ಟು ಹೆದರುತ್ತಾರೆ.

ಇದನ್ನು ನಿಮ್ಮೂರಿನ ಈಜುಕೊಳದಲ್ಲಿ ಮೂರು ನಾಲ್ಕು ಸಂಜೆ ಅಭ್ಯಾಸ ಮಾಡಿ. ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ ನೂರು ಉಸಿರು ಎಣಿಸಿ. ಆಮೇಲೆ ಬೇಕೆಂದೇ ಕೊಳವೆಯೊಳಗೆ ನೀರು ತುಂಬಿಸಿಕೊಂಡು, ಬಾಯಿಂದ ‘ಥೂ’ ಎಂದು ಒಮ್ಮೆಲೇ ಜೋರಾಗಿ ಊದಿ ಹೊರಹಾಕುವುದನ್ನು ಕಲಿಯಿರಿ. ಮಾಸ್ಕಿನೊಳಗೆ ನೀರು ಬಂದರೆ ತಲೆ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೋಗುತ್ತದೆ. ಈ ಎರಡು ಕೈಚಳಕ ಕೊಳದಲ್ಲೇ ಕೈವಶವಾದರೆ ಕಡಲಲ್ಲಿ ಗಾಬರಿಗೆ ಕಾರಣವೇ ಉಳಿಯುವುದಿಲ್ಲ. ಸಮುದ್ರದಲ್ಲೇ ಒಮ್ಮೆ ಅಭ್ಯಾಸವಾಗಲಿ ಎನ್ನುವವರಿಗೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇದೆ. ಆದರೆ ಅಲ್ಲಿ ದೋಣಿಯಿಂದ ನೇರ ಆಳ ನೀರಿಗೆ ಇಳಿಯಬೇಕಾಗುವುದರಿಂದ ಕೊಳದ ಅಭ್ಯಾಸ ಮುಗಿದ ಮೇಲೆ ಹೋಗುವುದು ಒಳ್ಳೆಯದು.

ಹೃದ್ರೋಗ, ಅಸ್ತಮಾ, ಮೂರ್ಛೆರೋಗ ಇರುವವರು ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನೀರಿನಲ್ಲಿ ಮೈ ಹಗುರವೆನಿಸಿದರೂ ಎದೆಗೆ ಬೀಳುವ ಶ್ರಮ ಹೆಚ್ಚು, ಅದು ಅನುಭವಕ್ಕೆ ಬರುವಷ್ಟರಲ್ಲಿ ದಡ ದೂರವಾಗಿರುತ್ತದೆ.

ಚೀಲಕ್ಕೆ ಏನು ಹಾಕಬೇಕೆಂಬುದನ್ನು ಬೇಗ ಹೇಳಿಬಿಡುತ್ತೇನೆ. ತುಂಬುತೋಳಿನ ಈಜಂಗಿ ಮತ್ತು ಮೊಣಕಾಲು ದಾಟುವ ಈಜುಡುಪು ಮೊದಲು ಬೇಕಾದದ್ದು. ಬೋರಲಾಗಿ ತೇಲುವವರ ಬೆನ್ನು, ಕತ್ತಿನ ಹಿಂಭಾಗ ಮತ್ತು ಮೀನಖಂಡ ಎರಡೇ ಗಂಟೆಯಲ್ಲಿ ಬೊಬ್ಬೆಯೇಳುವಂತೆ ಸುಡುತ್ತವೆ, ತಣ್ಣನೆಯ ನೀರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಬಟ್ಟೆಯಿಂದ ಮೈ ಮುಚ್ಚಿದರೆ ಬಿಸಿಲಿನ ಕ್ರೀಮು ಮುಖಕ್ಕೆ, ಅಂಗೈ ಹಿಂಭಾಗಕ್ಕೆ ಮಾತ್ರ ಸಾಕು, ಅದೂ ಸತುವಿನ ಆಕ್ಸೈಡ್ (ಜಿಂಕ್ ಆಕ್ಸೈಡ್) ಇರುವಂಥದ್ದು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿ ಮಾಡುತ್ತವೆಂಬ ಕಾರಣಕ್ಕೆ ಅವುಗಳಿರುವ ಕ್ರೀಮುಗಳ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ನಿಷೇಧಿಸಿದೆ. ಕೊಳ್ಳುವಾಗ ಹಿಂದಿನ ಚೀಟಿ ಓದಿ. ದಪ್ಪ ಅಟ್ಟೆಯ ರಬ್ಬರ್ ಚಪ್ಪಲಿ ಅಥವಾ ನೀರಿನ ಬೂಟು, ನೀರು ಹೊಗದ ಚೀಲ, ತಿರುಗಿ ತುಂಬಿಸಿಕೊಳ್ಳುವ ನೀರಿನ ಬಾಟಲಿ, ದಿನನಿತ್ಯದ ಮಾತ್ರೆಗಳು, ಸ್ವಲ್ಪ ನಗದು. ಇಷ್ಟಿದ್ದರೆ ಸಾಕು. ಮದ್ಯವನ್ನು ಒಯ್ಯಲೇಬೇಡಿ: ಜನವಸತಿಯಿರುವ ದ್ವೀಪಗಳಲ್ಲಿ ಪಾನನಿರೋಧವಿದೆ.

ಹಡಗಿನಿಂದ ದಡಕ್ಕೆ

ಕಡಲ ಓಕರಿಕೆ ಬರುವವರು ಹಡಗು ಹೊರಡುವ ಮೊದಲೇ ವೈದ್ಯರು ಹೇಳಿದ ಮಾತ್ರೆ ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಅಂಥ ಮಾತ್ರೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ಆದ್ದರಿಂದ ರಾತ್ರಿ ತೆಗೆದುಕೊಂಡು ಬೆಳಗ್ಗೆ ಮೈ ಚುರುಕಾಗಿದೆಯೆಂದು ಖಾತ್ರಿಯಾದರೆ ಮಾತ್ರ ನೀರಿಗಿಳಿಯಿರಿ.

ಇಲ್ಲಿನ ದ್ವೀಪಗಳು ಹವಳದ ಉಂಗುರಗಳ ಮೇಲೆ ಕುಳಿತಿವೆ. ಹೆಚ್ಚಿನವುಗಳಲ್ಲಿ ನೆಲ ಪೂರ್ವದ ಅಂಚಿನಲ್ಲಿ, ಹವಳದ ಗೋಡೆ ಸುತ್ತುವರಿದ ತಿಳಿನೀರಿನ ಲಗೂನ್ ಪಶ್ಚಿಮದಲ್ಲಿ. ದೊಡ್ಡ ಹಡಗು ಲಗೂನಿನೊಳಗೆ ಬರಲಾರದು. ಸಾಮಾನ್ಯವಾಗಿ ಹೊರಗಿನ ಆಳ ಕಡಲಿನಲ್ಲಿ ನಿಲ್ಲುತ್ತದೆ, ಅದರ ಪಕ್ಕೆಯ ಬಾಗಿಲಿಗೆ ಊರಿನ ದೋಣಿಗಳು ಬಂದು ತಾಗುತ್ತವೆ. ಇಡೀ ಪ್ರವಾಸದಲ್ಲಿ ಎಚ್ಚರ ಹೆಚ್ಚು ಬೇಕಾದ ಗಳಿಗೆ ಇದೇ. ಹಡಗು ಅಲುಗುವುದು ಕಡಿಮೆ, ದೋಣಿ ಮಾತ್ರ ಅಲೆಯೊಂದಿಗೆ ಒಮ್ಮೆ ನಿಮ್ಮ ಪಾದದ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಆಳುದ್ದ ಕೆಳಗಿರುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ಖಲಾಸಿಗಳು ನಿಂತಿರುತ್ತಾರೆ. ಅವರು ನಿಮ್ಮ ಅಂಗೈಯನ್ನಲ್ಲ, ಮುಂಗೈಯನ್ನು ಮೊಣಕೈ ಹತ್ತಿರ ಹಿಡಿಯುತ್ತಾರೆ. ನೀವೂ ಅವರ ಮುಂಗೈಯನ್ನು ಹಾಗೆಯೇ ಹಿಡಿಯಿರಿ. ಎರಡೂ ಕೈ ಖಾಲಿಯಿರಲಿ, ಚೀಲ ಬೆನ್ನಿಗಿರಲಿ, ಮೊಬೈಲ್ ಒಳಗಿರಲಿ. ದೋಣಿ ಮೇಲೇರಿ ಒಂದು ಕ್ಷಣ ನಿಂತಂತಾಗುವಾಗ ಅವರು ಕೂಗುತ್ತಾರೆ. ಆ ಕೂಗಿಗೆ ಕಾಲಿಡಬೇಕು, ಅದಕ್ಕೆ ಮೊದಲೂ ಬೇಡ, ಅನುಮಾನಿಸಿ ಆಮೇಲೂ ಬೇಡ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಮೂರು ದ್ವೀಪಗಳಲ್ಲಿ ಹೀಗೆ ಆರು ಸಲ ದಾಟಬೇಕಾಗಬಹುದೆಂಬುದನ್ನು ಮನೆಯಲ್ಲೇ ಯೋಚಿಸಬೇಕು.

ದಡಕ್ಕೆ ಕಾಲಿಟ್ಟ ಕೂಡಲೇ ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ಕೊನೆಯ ದೋಣಿ ಎಷ್ಟು ಗಂಟೆಗೆ, ಇಂದು ಉಬ್ಬರ ಯಾವ ಹೊತ್ತಿಗೆ. ನೀರಿಳಿದಾಗ ಲಗೂನಿನ ಹವಳ ನಿಮ್ಮ ಹೊಟ್ಟೆಗೆ ತಾಗುವಷ್ಟು ಮೇಲೆ ಬಂದಿರುತ್ತದೆ. ಅದು ಹವಳಕ್ಕೂ ಕೆಡುಕು, ನಿಮ್ಮ ಚರ್ಮಕ್ಕೂ ಕೆಡುಕು. ಉಬ್ಬರದ ನೀರು ಲಗೂನನ್ನು ತುಂಬಿದ ಹೊತ್ತು, ಗಾಳಿ ಏಳುವ ಮುನ್ನಿನ ಬೆಳಗು, ಎರಡೂ ಕೂಡಿಬಂದರೆ ಊರು ಸುತ್ತುವುದನ್ನು ಮಧ್ಯಾಹ್ನಕ್ಕೆ ಮುಂದೂಡಿ ಮೊದಲು ನೀರಿಗಿಳಿಯಿರಿ. ಪ್ರವಾಸದ ಮೇಲ್ವಿಚಾರಕರನ್ನು ವಿನಯದಿಂದ ಕೇಳಿಕೊಂಡರೆ ಎಷ್ಟೋ ಬಾರಿ ಕ್ರಮ ಬದಲಿಸಿಕೊಡುತ್ತಾರೆ.

ನೀರಿನಲ್ಲಿ

ಲಗೂನಿನ ಒಳಗೇ ಇರಿ. ಹವಳದ ಗೋಡೆಯಾಚೆ ಅಲೆ ಒಡೆಯುವ ಬಿಳಿ ಗೆರೆ ಕಾಣುತ್ತದಲ್ಲ, ಅದರ ಹತ್ತಿರಕ್ಕೂ ಮಾರ್ಗದರ್ಶಕರಿಲ್ಲದೆ ಹೋಗಬೇಡಿ. ಅಲೆ ತಂದು ಸುರಿದ ನೀರು ಗೋಡೆಯಲ್ಲಿನ ಕಂಡಿಗಳ ಮೂಲಕವೇ ಹೊರಗೆ ಹರಿಯಬೇಕು, ಅಲ್ಲಿನ ಸೆಳೆತ ಈಜುಗಾರರನ್ನೂ ಎಳೆದೊಯ್ಯುತ್ತದೆ. ಪೂರ್ವದ ದಡಕ್ಕೆ ಹವಳದ ಗೋಡೆ ತೀರ ಹತ್ತಿರವಿದ್ದು ಅಲೆ ನೇರ ಅದರ ಮೇಲೆ ಬಡಿಯುವುದರಿಂದ ಅಲ್ಲಿ ಈಜುವ ಮಾತೇ ಬೇಡ.

ಈಜು ಬಲ್ಲವರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಅದು ಜೀವ ಕಾಯುವುದಷ್ಟೇ ಅಲ್ಲ, ಮೈಯನ್ನು ತಾನೇ ತೇಲಿಸಿ ನಿಮ್ಮ ಗಮನವನ್ನೆಲ್ಲ ಕಣ್ಣಿಗೆ ಬಿಟ್ಟುಕೊಡುತ್ತದೆ. ಒಬ್ಬರೇ ಎಂದೂ ಹೋಗಬೇಡಿ, ಜೊತೆಗಾರರು ಕೈಯಳತೆಯಲ್ಲಿರಲಿ. ತಲೆಯ ಮೇಲೆ ಅಂಗೈಯಿಟ್ಟರೆ ‘ಚೆನ್ನಾಗಿದ್ದೇನೆ’, ಒಂದು ಕೈ ಮೇಲೆತ್ತಿ ಬೀಸಿದರೆ ‘ಸಹಾಯ ಬೇಕು’ ಎಂದು ಮೊದಲೇ ಮಾತಾಡಿಕೊಳ್ಳಿ. ಹೋಗುವಾಗ ನೀರಿನ ಸೆಳೆತಕ್ಕೆ ಎದುರಾಗಿ ಹೋಗಿ. ದಣಿದು ಮರಳುವಾಗ ಅದೇ ಸೆಳೆತ ನಿಮ್ಮನ್ನು ದಡಕ್ಕೆ ತರುತ್ತದೆ. ಸೆಳೆತದ ದಿಕ್ಕು ತಿಳಿಯದಿದ್ದರೆ ನಿಶ್ಚಲವಾಗಿ ಒಂದು ನಿಮಿಷ ತೇಲಿ ಕೆಳಗಿನ ಮರಳನ್ನು ನೋಡಿ, ನೀವು ಯಾವ ಕಡೆ ಜಾರುತ್ತಿದ್ದೀರೆಂದು ತಾನೇ ತಿಳಿಯುತ್ತದೆ. ಕಾಲಿಗೆ ರಬ್ಬರಿನ ರೆಕ್ಕೆ ಕಟ್ಟಿಕೊಂಡವರು ಸೈಕಲ್ ತುಳಿದಂತೆ ಮೊಣಕಾಲು ಮಡಚದೆ, ಸೊಂಟದಿಂದ ಕಾಲು ನೀಳವಾಗಿ ಆಡಿಸಬೇಕು. ನೀರು ಮೇಲಕ್ಕೆ ಚಿಮ್ಮುತ್ತಿದ್ದರೆ ಶ್ರಮ ವ್ಯರ್ಥವಾಗುತ್ತಿದೆ ಎಂದರ್ಥ.

ಮಾಸ್ಕಿನ ಗಾಜಿನ ಮೂಲಕ ನೀರೊಳಗಿನ ವಸ್ತುಗಳು ಇರುವುದಕ್ಕಿಂತ ಮೂರರಲ್ಲೊಂದು ಪಾಲು ದೊಡ್ಡದಾಗಿ, ನಾಲ್ಕರಲ್ಲೊಂದು ಪಾಲು ಹತ್ತಿರವಾಗಿ ಕಾಣುತ್ತವೆ. ಹೊಸಬರು ಹವಳ ಎದೆಗೆ ತಾಗಿಯೇಬಿಟ್ಟಿತೆಂದು ಬೆಚ್ಚಿ ಕಾಲು ಕೆಳಗೆ ಬಿಟ್ಟು ನಿಲ್ಲಲು ಹೋಗುವುದು ಇದರಿಂದಲೇ. ಹಾಗೆ ನಿಲ್ಲಬಾರದು. ಹವಳ ಕಲ್ಲಲ್ಲ. ಸಾಸಿವೆಯಷ್ಟು, ಕಡಲೆಯಷ್ಟು ಗಾತ್ರದ ಮೆದುಮೈಯ ಜೀವಿಗಳು ಸಾವಿರಗಟ್ಟಲೆ ಒಟ್ಟಾಗಿ, ತಮ್ಮ ಸುತ್ತ ತಾವೇ ಕಟ್ಟಿಕೊಂಡ ಸುಣ್ಣದ ಮನೆ ಅದು. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ; ನೀವು ತೇಲಿ ದಾಟುವ ಆಳೆತ್ತರದ ಗುಂಡೊಂದು ಟಿಪ್ಪು ಸುಲ್ತಾನನ ಕಾಲದಲ್ಲಿ, ಅಮಿನಿ ದ್ವೀಪದವರು ಮಂಗಳೂರಿಗೆ ಬಂದು ಅವನ ಆಶ್ರಯ ಬೇಡಿದ ಆ ದಿನಗಳಲ್ಲಿ, ಅಂಗೈಯಗಲದ ಮೊಳಕೆಯಾಗಿದ್ದಿರಬಹುದು. ದಣಿವಾದರೆ ಬೆನ್ನ ಮೇಲೆ ಮಲಗಿ ತೇಲಿ; ನಿಲ್ಲಲೇಬೇಕೆಂದರೆ ಬರೀ ಮರಳು ಕಾಣುವಲ್ಲಿಗೆ ಹೋಗಿ ನಿಲ್ಲಿ.

ಹವಳಕ್ಕೆ ಬಣ್ಣ ಮತ್ತು ಆಹಾರದ ಬಹುಪಾಲನ್ನು ಕೊಡುವುದು ಅದರ ಮೈಯೊಳಗೆ ನೆಲೆಸಿರುವ ಕಣ್ಣಿಗೆ ಕಾಣದ ಪಾಚಿ. ಕಡಲು ಹೆಚ್ಚು ಕಾಲ ಬೆಚ್ಚಗಾದರೆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ, ತಂಪು ಬೇಗ ಮರಳದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದೆ. ಆದ್ದರಿಂದ ಜಾಹೀರಾತಿನ ಚಿತ್ರಗಳ ಬಣ್ಣ ಎಲ್ಲೆಡೆ ಕಾಣುತ್ತದೆಂದು ಹೋಗಬೇಡಿ. ಬೂದು ಬಣ್ಣದ, ಪಾಚಿ ಕವಿದ ಮುರುಕುಗಳ ಹರಹಿನ ನಡುವೆ ಜೀವಂತ ಹವಳದ ತುಣುಕುಗಳು ಸಿಗುತ್ತವೆ. ಒಂದೇ ಕಡೆ ತೇಲುತ್ತ ನೋಡಿದರೆ ಮಾತ್ರ ಅವು ಕಾಣುತ್ತವೆ.

ನೋಡುವ ಬಗೆಯೂ ಇದೇ. ದೂರ ದೂರ ಈಜಿ ಹೆಚ್ಚು ಜಾಗ ಮುಗಿಸುವ ಆತುರ ಬೇಡ. ಒಳ್ಳೆಯ ಹವಳದ ಗುಂಡೊಂದನ್ನು ಆರಿಸಿ, ಅದರ ಮೇಲೆ ಹತ್ತು ನಿಮಿಷ ಕದಲದೆ ತೇಲಿ. ಮೊದಲಿಗೆ ನಿಮ್ಮ ನೆರಳಿಗೆ ಹೆದರಿ ಅಡಗಿದ್ದ ಮೀನುಗಳು ಒಂದೊಂದಾಗಿ ಹೊರಬರುತ್ತವೆ: ಜೋಡಿಯಾಗಿ ತಿರುಗುವ ಹಳದಿ ಚಿಟ್ಟೆಮೀನು, ಕೊಂಬೆ ಹವಳದ ಸಂದಿಯಿಂದ ಮೋಡದಂತೆ ಎದ್ದು ಮತ್ತೆ ಒಮ್ಮೆಲೇ ಒಳಸೇರುವ ನೀಲಿ ಮರಿಮೀನು. ಆಗ ಕಿವಿಗೊಟ್ಟು ಕೇಳಿ. ಯಾರೋ ಹುರಿಗಡಲೆ ಕಡಿಯುತ್ತಿರುವಂಥ ‘ಕರಂ ಕರಂ’ ಸದ್ದು ಕೇಳುತ್ತದೆ. ಅದು ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿಯನ್ನು ಸುಣ್ಣದ ಸಮೇತ ಕೆರೆಯುವ ಸದ್ದು. ಸ್ವಲ್ಪ ಹೊತ್ತು ಅದನ್ನೇ ಹಿಂಬಾಲಿಸಿದರೆ ಅದರ ಹಿಂಬದಿಯಿಂದ ಬಿಳಿ ಪುಡಿ ಹೊಗೆಯಂತೆ ಉದುರುವುದು ಕಾಣುತ್ತದೆ. ನೀವು ಚಪ್ಪಲಿ ಬಿಟ್ಟು ಬಂದ ದಡದ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಹೀಗೆ ಬಂದದ್ದು. ಲಗೂನಿನ ಹುಲ್ಲು ಮೇಯುವ ಹಸಿರು ಕಡಲಾಮೆ ಕಂಡರೆ ಪಕ್ಕದಲ್ಲಿ ಸಾಗಿ, ಮೇಲಿನಿಂದ ಅಡ್ಡ ಹೋಗಬೇಡಿ. ಅದು ಉಸಿರಿಗಾಗಿ ಮೇಲೆ ಬರಲೇಬೇಕು.

ಏನನ್ನೂ ಮುಟ್ಟಬಾರದೆಂಬ ನಿಯಮ ನಿಮ್ಮ ರಕ್ಷಣೆಗೂ ಹೌದು. ಹವಳದ ತುಂಡಿನಂತೆಯೇ ಬಿದ್ದಿರುವ ಕಲ್ಲುಮೀನಿನ ಬೆನ್ನಮುಳ್ಳಿನಲ್ಲಿ ತೀವ್ರ ವಿಷವಿದೆ. ಸಿಂಹಮೀನಿನ ರೆಕ್ಕೆಮುಳ್ಳೂ ಹಾಗೆಯೇ. ಚಂದದ ಚಿತ್ತಾರದ ಶಂಕುವಿನಾಕಾರದ ಚಿಪ್ಪನ್ನು ಎಂದೂ ಎತ್ತಿಕೊಳ್ಳಬೇಡಿ, ಒಳಗಿನ ಜೀವಿ ಚುಚ್ಚಿದರೆ ಪ್ರಾಣಕ್ಕೇ ಅಪಾಯ. ಮೀನಿನ ಮುಳ್ಳು ಚುಚ್ಚಿದರೆ ತಕ್ಷಣ ನೀರಿನಿಂದ ಹೊರಬಂದು, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಅದ್ದಿಟ್ಟರೆ ನೋವು ತಗ್ಗುತ್ತದೆ. ಜೊತೆಗೇ ದ್ವೀಪದ ಆಸ್ಪತ್ರೆಗೆ ಹೊರಡಬೇಕು. ಸತ್ತ ಹವಳದ ತುಂಡನ್ನಾದರೂ ನೆನಪಿಗೆ ಒಯ್ಯೋಣವೆನಿಸಿದರೆ ತಡೆದುಕೊಳ್ಳಿ: ಗಟ್ಟಿ ಹವಳ, ದೈತ್ಯ ಕಪ್ಪೆಚಿಪ್ಪು, ಕಡಲಸೌತೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಒಯ್ಯುವುದು ಅಪರಾಧ.

ಮೂರು ದ್ವೀಪಗಳ ಬಗ್ಗೆ

ಕವರತ್ತಿ ರಾಜಧಾನಿ. ಲಗೂನು ದಡದಿಂದಲೇ ಇಳಿಜಾರಾಗಿ ಶುರುವಾಗುವುದರಿಂದ ಮೊದಲ ಅಭ್ಯಾಸಕ್ಕೆ ಒಳ್ಳೆಯ ಜಾಗ. ಊರಿನೊಳಗೆ ಕೆತ್ತನೆಯ ಮರದ ಚಾವಣಿಯ ಉಜ್ರ ಮಸೀದಿಯಿದೆ. 2005ರಲ್ಲಿ ಇಲ್ಲಿ ಶುರುವಾದ ಘಟಕವೊಂದು ಆಳದ ತಂಪು ಸಮುದ್ರನೀರು ಮತ್ತು ಮೇಲ್ಮೈಯ ಬೆಚ್ಚನೆಯ ನೀರಿನ ಉಷ್ಣತೆಯ ಅಂತರವನ್ನೇ ಬಳಸಿ ದಿನಕ್ಕೆ ಲಕ್ಷ ಲೀಟರ್ ಕುಡಿಯುವ ನೀರು ತಯಾರಿಸುವಂತೆ ಕಟ್ಟಿದ್ದು. ಸಿಹಿನೀರು ಇಲ್ಲಿ ಅಷ್ಟು ದುರ್ಲಭ. ಈಜಿ ಬಂದ ಮೇಲೆ ಮೈ ತೊಳೆಯಲು ಒಂದು ಬಕೆಟ್ ಸಾಕು ಮಾಡಿಕೊಳ್ಳಿ.

ನನಗೆ ಹೆಚ್ಚು ಇಷ್ಟವಾದದ್ದು ಕಲ್ಪೇನಿ. ಲಗೂನಿನೊಳಗೇ ತಿಲಾಕ್ಕಂ, ಪಿಟ್ಟಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪಗಳಿದ್ದು, ಅವುಗಳ ಸುತ್ತ ನೀರು ಆಳವಿಲ್ಲದೆ, ಸೆಳೆತವಿಲ್ಲದೆ ಇರುತ್ತದೆ. ಮಕ್ಕಳೊಂದಿಗೆ ಹೋದವರು ಮೂರರಲ್ಲಿ ಒಂದೇ ದ್ವೀಪದಲ್ಲಿ ನೀರಿಗಿಳಿಯುವುದಾದರೆ ಇಲ್ಲಿಯೇ ಇಳಿಯಲಿ. ಪೂರ್ವದ ದಡದಲ್ಲಿ ರಾಶಿ ಬಿದ್ದಿರುವ ಹವಳದ ಚೂರುಗಳು 1847ರ ದೊಡ್ಡ ಚಂಡಮಾರುತ ಎಸೆದು ಹೋದದ್ದು.

ಮಿನಿಕಾಯ್ ಉಳಿದ ದ್ವೀಪಗಳಿಂದ ಒಂಬತ್ತನೆಯ ಅಕ್ಷಾಂಶದ ಕಾಲುವೆಯಾಚೆ, ಮಾಲ್ಡೀವ್ಸಿಗೆ ಹತ್ತಿರದಲ್ಲಿದೆ. ಉಳಿದ ದ್ವೀಪಗಳ ಮಾತು ಮಲಯಾಳದ ಒಂದು ಬಗೆಯಾದರೆ ಇಲ್ಲಿಯದು ಮಹಲ್. ಲಗೂನು ವಿಶಾಲ, ಗಾಳಿಯೂ ಹೆಚ್ಚು. ಮಾರ್ಗದರ್ಶಕರು ತೋರಿಸಿದ ಜಾಗ ಬಿಟ್ಟು ಕದಲಬೇಡಿ. ಗಾಳಿ ಜೋರಿದ್ದ ದಿನ ನೀರನ್ನು ಬಿಟ್ಟು 1885ರಲ್ಲಿ ಕಟ್ಟಿದ ದೀಪಸ್ತಂಭವನ್ನೇ ಹತ್ತಿ; ಲಗೂನಿನ ಹಸಿರು, ಹವಳದ ಗೋಡೆಯ ಕಂದು, ಆಚೆಯ ಕಡುನೀಲಿ ಮೂರೂ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತವೆ.

ಮೂರೂ ಕಡೆ ಈಜುಡುಪು ಕಡಲ ದಂಡೆಗೆ ಮಾತ್ರ. ಊರೊಳಗೆ ಹೋಗುವಾಗ ಮೈತುಂಬ ಬಟ್ಟೆಯಿರಲಿ, ಹೆಂಗಸರ ಚಿತ್ರ ತೆಗೆಯುವ ಮೊದಲು ಕೇಳಿ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿದ್ದರೆ ಕಾಯಿರಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಚೀಲದಲ್ಲೇ ಮರಳಿ ತನ್ನಿ. ನಾಲ್ಕೈದು ಚದರ ಕಿಲೋಮೀಟರನ್ನೂ ಮೀರದ ಈ ನೆಲದಲ್ಲಿ ಕಸ ಹಾಕಲು ಬೇರೆ ಜಾಗವಿಲ್ಲ. ಕೊಳ್ಳುವುದಾದರೆ ಮಿನಿಕಾಯ್‌ನ ಒಣಗಿಸಿದ ಸೂರೆಮೀನು (ಟ್ಯೂನಾ), ತೆಂಗಿನ ಬೆಲ್ಲ ಕೊಳ್ಳಿ, ಹಣ ಊರಿನವರ ಕೈ ಸೇರುತ್ತದೆ.

ಕೊನೆಯ ದೋಣಿಗೆ ಒಂದು ಗಂಟೆ ಮೊದಲೇ ನೀರಿನಿಂದ ಮೇಲೆ ಬನ್ನಿ. ಹಡಗಿಗೆ ಮರಳಿದ ಮೇಲೆ ಕಾಲು, ಮೊಣಕೈಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಹವಳ ಗೀರಿದ ಗಾಯ ಸಣ್ಣದೆಂದು ಬಿಟ್ಟರೆ ಎರಡೇ ದಿನದಲ್ಲಿ ಕೀವು ತುಂಬುತ್ತದೆ, ಸೋಪುನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಔಷಧಿ ಹಚ್ಚಬೇಕು. ತಲೆ ಒಂದು ಪಕ್ಕಕ್ಕೆ ವಾಲಿಸಿ ಕಿವಿಯ ನೀರು ಇಳಿಸಿ, ಕಡ್ಡಿ ಹಾಕಬೇಡಿ. ಮಾಸ್ಕ್ ಮತ್ತು ಕೊಳವೆಯನ್ನು ಒಂದು ಚೊಂಬು ಸಿಹಿನೀರಿನಲ್ಲಿ ತೊಳೆದು, ಬಿಸಿಲು ಬೀಳದ ಕಡೆ ತೂಗುಹಾಕಿ. ಬಿಸಿಲಿಗೆ ರಬ್ಬರು ಗಡುಸಾಗಿ ಮತ್ತೆ ಸೋರತೊಡಗುತ್ತದೆ, ಬೆಳಗಾದರೆ ಹಡಗು ಇನ್ನೊಂದು ದ್ವೀಪದ ಮುಂದೆ ನಿಂತಿರುತ್ತದೆ.